ಕರಪತ್ರದಿಂದ ಬಿಟ್ಟುಹೋದ ಸಾಲು

ಅಪ್ಪನಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ ಇತ್ತು. ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ, ಮೂಸಿ, ಎರಡು ಕಾಳು ಹಲ್ಲಲ್ಲಿ ಕಚ್ಚಿ ನೋಡದೆ ಅವರು ಒಂದು ಮೂಟೆಯನ್ನೂ ಇಳಿಸಿಕೊಳ್ಳುತ್ತಿರಲಿಲ್ಲ. ಅಂಥವರ ಮುಂದೆ ನನ್ನ ತಂಗಿ ಒಂದು ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಈ ಬೇಳೇಲಿ ಏನೋ ಬೆರೆಸಿದಾರೆ, ನಂಗೆ ಬೇಡ" ಅಂದಳು.

ಅಪ್ಪನಿಗೆ ಸಿಟ್ಟು ಬಂತು. ಮಗಳಿಗೆ ಏನೋ ಆಗಿದೆ ಎಂದು ಅನ್ನಿಸಲಿಲ್ಲ, ಅಂಗಡಿಗೆ ಅವಮಾನ ಮಾಡಿದಳು ಅನ್ನಿಸಿತು. ಮಾರನೇ ದಿನ ಬೇರೆ ಮೂಟೆಯ ಬೇಳೆ ತಂದರು. ಅದನ್ನೂ ಅವಳು ಮುಟ್ಟಲಿಲ್ಲ. ಮೂರನೇ ದಿನ ಅವಳೆದುರಿಗೇ ಬೇಳೆ ತೊಳೆಸಿ, ಅವಳೆದುರಿಗೇ ಕುಕ್ಕರಿಗೆ ಹಾಕಿಸಿ, ಸಾರಾದ ಮೇಲೆ ಮೊದಲ ತುತ್ತು ತಾವೇ ತಿಂದು ತೋರಿಸಿದರು. "ನಿಮಗೇನೂ ಆಗಲ್ಲ ಅಪ್ಪ. ನನಗೆ ಅಂತಾನೇ ಹಾಕಿರೋದು" ಅಂದಳು. ಹೀಗೆ ಮೂರು ನಾಲ್ಕು ವಾರ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಬೇಳೆ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದವೇ ನಡೆಯಿತು. ಅವಳು ಇಳಿದು ಹೋಗುತ್ತಿದ್ದಳು. ಬಾಳೆಹಣ್ಣು, ಸೀಲು ಒಡೆಯದ ಬಿಸ್ಕತ್ತು, ಇಷ್ಟೇ ಅವಳ ಆಹಾರವಾಗಿತ್ತು.

ಅಪ್ಪನನ್ನಾಗಲಿ ಅಮ್ಮನನ್ನಾಗಲಿ ನಾನು ಅನ್ನುವಂತಿಲ್ಲ. ಅವರಿಗೆ ಗೊತ್ತಿರಲಿಲ್ಲ. ನನಗೆ ಎರಡು ತಿಂಗಳು ಮೊದಲೇ ಗೊತ್ತಿತ್ತು.

ತಂಗಿಗೆ ಆಗ ಇಪ್ಪತ್ನಾಲ್ಕು, ನನಗೆ ಇಪ್ಪತ್ತೆಂಟು. ಅವಳು ಬಸವನಗುಡಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಬೇರೆಯವರಿಗೆ ಸಿಗದ ನರ ಅವಳ ಸೂಜಿಗೆ ಮೊದಲ ಸಲಕ್ಕೇ ಸಿಗುತ್ತದೆ ಎಂದು ಲ್ಯಾಬಿನಲ್ಲಿ ಅವಳಿಗೆ ಹೆಸರಿತ್ತು. ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಅವಳೇ ಬರಲಿ ಎಂದು ಕಾಯುತ್ತಿದ್ದರಂತೆ. ನಾನು ಚಾಮರಾಜಪೇಟೆಯದೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಲು ಸೇರಿ ನಾಲ್ಕು ವರ್ಷವಾಗಿತ್ತು. ಒಂದು ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಅವಳು ಪಕ್ಕಕ್ಕೆ ಬಂದು ನಿಂತಳು. ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಒಂದೊಂದೇ ಡಬ್ಬಿಗೆ ಹಾಕುತ್ತಾ ಹೇಳಿದಳು:

"ಅಕ್ಕ, ನಂಗೆ ಏನೋ ಸರಿ ಇಲ್ಲ ಕಣೇ. ಲ್ಯಾಬಲ್ಲಿ ಮಷೀನ್ ಓಡ್ತಿರುವಾಗ ಅದರೊಳಗಿಂದ ಇಬ್ರು ಮಾತಾಡ್ದಂಗೆ ಕೇಳ್ಸುತ್ತೆ. ನನ್ನ ವಿಷ್ಯಾನೇ. ಮಷೀನ್ ಆಫ್ ಮಾಡಿದ್ರೂ ಕೇಳ್ಸುತ್ತೆ."

"ಯಾರು?"

"ಗೊತ್ತಿಲ್ಲ. ಯಾರೂ ಇರಲ್ಲ ಅಂತ ನಂಗೂ ಗೊತ್ತು. ಆದ್ರೂ ಕೇಳ್ಸುತ್ತೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀಯಾ?"

ಯಾರೂ ಇರಲ್ಲ ಅಂತ ನಂಗೂ ಗೊತ್ತು. ಈ ಮಾತಿನ ಬೆಲೆ ನನಗೆ ಎಷ್ಟೋ ವರ್ಷಗಳ ನಂತರ ತಿಳಿಯಿತು. ಆಮೇಲಾಮೇಲೆ ಅವಳಿಗೆ ಅದು ಗೊತ್ತಿರಲಿಲ್ಲ. ಅವರಿಬ್ಬರೂ ನಿಜವಾಗಿಯೇ ಇದ್ದಾರೆ ಎಂದು ನಂಬಿಬಿಟ್ಟಳು. ಬಾಗಿಲು ಇನ್ನೂ ತೆರೆದಿದ್ದ ಆ ಕೆಲವು ವಾರಗಳಲ್ಲಿ ಅವಳಾಗಿಯೇ ಬಂದು ಸಹಾಯ ಕೇಳಿದ್ದಳು.

ನಾನು ಕರೆದುಕೊಂಡು ಹೋದೆ, ಅಷ್ಟು ಮಾಡಿದೆ. ನಮ್ಮ ಮನೆಯ ಜ್ವರ, ಕೆಮ್ಮು, ಅಮ್ಮನ ಬಿಪಿ, ಎಲ್ಲಕ್ಕೂ ಒಬ್ಬರೇ ಡಾಕ್ಟರಿದ್ದರು. ಒಳ್ಳೆಯವರೇ. ಹೊರಗೆ ಹತ್ತು ಹದಿನೈದು ಜನ ಕಾಯುತ್ತಿದ್ದರು. ಅವಳು ಹೇಳಿದ್ದನ್ನು ಕೇಳಿಸಿಕೊಂಡು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಇದೆ. ಲ್ಯಾಬಲ್ಲಿ ಬೆಳಗಿಂದ ಸಾಯಂಕಾಲದವರೆಗೆ ಆ ಸದ್ದಲ್ಲಿ ಕೂತ್ರೆ ಯಾರಿಗಾದ್ರೂ ಹಂಗಾಗುತ್ತೆ. ಅಕ್ಕನ ಮದುವೆ ಮಾತುಕತೆ ಬೇರೆ ನಡೀತಿದೆ, ಟೆನ್ಶನ್" ಎಂದರು. ವಿಟಮಿನ್ ಮಾತ್ರೆ, ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟರು.

ನನಗೆ ಎಷ್ಟು ಹಗುರವಾಯಿತು ಎಂದರೆ ವಾಪಸ್ಸು ಬರುವಾಗ ಇಬ್ಬರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ತಿನ್ನುತ್ತಾ ನಾನು ಅವಳಿಗೆ ಹೇಳಿದೆ: "ಈ ವಿಷ್ಯ ಯಾರ ಹತ್ರಾನೂ ಹೇಳ್ಬೇಡ. ಅಮ್ಮನ ಹತ್ರಾನೂ ಬೇಡ." ಅವಳು ತಲೆಯಾಡಿಸಿದಳು.

ನನಗೆ ಮಲ್ಲೇಶ್ವರದ ಒಂದು ಮನೆಯಿಂದ ಸಂಬಂಧ ಬಂದಿತ್ತು. ಅದಕ್ಕೆ ಮುಂಚೆ ನಾಲ್ಕು ಸಂಬಂಧಗಳು ಬಂದು ಹೋಗಿದ್ದವು. ಇದು ಕುದುರುವ ಹಾಗಿತ್ತು. ಹುಡುಗಿಯ ತಂಗಿಗೆ ತಲೆ ಸರಿಯಿಲ್ಲ ಎಂದು ಗೊತ್ತಾದರೆ ಅದೂ ತಪ್ಪುತ್ತಿತ್ತು. ಅಪ್ಪ, ಅಮ್ಮ ಈ ಲೆಕ್ಕ ಹಾಕುವ ಮೊದಲೇ ನಾನು ಹಾಕಿದ್ದೆ.

ಬೇಳೆಯ ಜಗಳ ಆದಮೇಲೆ ಅಮ್ಮನಿಗೆ ಅನುಮಾನ ಬಂತು. ಆಗ ಎಲ್ಲವನ್ನೂ ಹೇಳಿದೆ. ಅಮ್ಮ ಎದ್ದು ಹೋಗಿ ಬೀದಿ ಬಾಗಿಲು ಹಾಕಿದರು. ಆಮೇಲೆ, "ನಿನ್ನದೊಂದು ಆಗ್ಲಿ. ಆಮೇಲೆ ದೊಡ್ಡಾಸ್ಪತ್ರೆಗೆ ತೋರಿಸೋಣ" ಅಂದರು. ನಾನು ಬೇಡ, ಈಗಲೇ ಹೋಗೋಣ ಎನ್ನಲಿಲ್ಲ.

ಮದುವೆಯ ದಿನ ತಂಗಿ ಛತ್ರದ ಮಹಡಿಯ ಕೋಣೆಯಲ್ಲಿದ್ದಳು. ನಿದ್ದೆಯ ಮಾತ್ರೆಯನ್ನು ಎರಡು ಕೊಟ್ಟಿದ್ದೆವು. ಜ್ವರ ಎಂದು ಎಲ್ಲರಿಗೂ ಹೇಳಿದೆವು. ಹೊರಗಿನಿಂದ ಚಿಲಕ ಹಾಕಿ, ಬಾಗಿಲ ಬಳಿ ಚಿಕ್ಕಮ್ಮನನ್ನು ಕೂರಿಸಿದ್ದರು. ಧಾರೆಯಾಗುವಾಗ ನಾನು ಒಮ್ಮೆ ತಲೆಯೆತ್ತಿ ಮಹಡಿಯ ಕಡೆ ನೋಡಿದೆ. ಪುರೋಹಿತರು "ಈ ಕಡೆ ನೋಡಮ್ಮ" ಎಂದರು. ನೋಡಿದೆ.

ಆಮೇಲೆ ಎಂದು ಅಮ್ಮ ಹೇಳಿದ್ದು ಎರಡೂವರೆ ವರ್ಷವಾಯಿತು. ಮೊದಲು ನಾನು ಹೊಸ ಮನೆಗೆ ಹೊಂದಿಕೊಳ್ಳಲಿ ಎಂದು, ಆಮೇಲೆ ನನ್ನ ಬಸಿರು ನಿಲ್ಲಲಿ ಎಂದು, ಅದು ನಿಲ್ಲದೇ ಹೋದಾಗ ನನ್ನ ಮನಸ್ಸು ಸುಧಾರಿಸಲಿ ಎಂದು. ಈ ನಡುವೆ ಅವಳ ಕೆಲಸ ಹೋಯಿತು. ಟ್ಯೂಬುಗಳ ಮೇಲಿನ ಹೆಸರುಗಳನ್ನು ಯಾರೋ ಬದಲಾಯಿಸುತ್ತಿದ್ದಾರೆ ಎಂದು ಅವಳು ಒಂದು ದಿನದ ಸ್ಯಾಂಪಲುಗಳನ್ನೆಲ್ಲ ಸಿಂಕಿಗೆ ಸುರಿದಿದ್ದಳು. ಕಿಟಕಿಗಳಿಗೆ ಪೇಪರ್ ಅಂಟಿಸಿದಳು. ಅಪ್ಪ ಅದನ್ನು ಕೀಳುವುದು, ಅವಳು ಮತ್ತೆ ಅಂಟಿಸುವುದು. ಎರಡು ದೇವಸ್ಥಾನಗಳಲ್ಲಿ ಸೇವೆ ಮಾಡಿಸಿದರು, ಒಬ್ಬರ ಹತ್ತಿರ ತಾಯಿತ ಕಟ್ಟಿಸಿದರು. ನಾನು ಭಾನುವಾರ ಹೋಗಿ ತಲೆ ಬಾಚಿ ಬರುತ್ತಿದ್ದೆ. ಗಂಡನ ಮನೆಯಲ್ಲಿ, ಅವಳು ಪರೀಕ್ಷೆಗೆ ಓದುತ್ತಿದ್ದಾಳೆ ಎಂದು ಹೇಳಿದ್ದೆ.

ಒಂದು ಬೆಳಿಗ್ಗೆ ಅವಳು ಮನೆಯಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಕಳಿಪುರದ ರೈಲ್ವೆ ಹಳಿಗಳ ಪಕ್ಕದಲ್ಲಿ ಸಿಕ್ಕಳು. ಬರಿಗಾಲಲ್ಲಿ ಬೆಳಗಿನಿಂದ ಅಲ್ಲೇ ನಿಂತಿದ್ದಳಂತೆ. ಹೂವು ಮಾರುವ ಒಬ್ಬ ಹೆಂಗಸು ನೆರಳಿಗೆ ಕರೆದು ಕೂರಿಸಿ, ಪೊಲೀಸರಿಗೆ ಹೇಳಿದ್ದರು. ತಂಗಿಗೆ ನನ್ನ ಸ್ಕೂಲಿನ ಹೆಸರು ಮಾತ್ರ ನೆನಪಿತ್ತು. ಹಾಗಾಗಿ ಪೊಲೀಸರು ಅವಳನ್ನು ಕರೆತಂದದ್ದು ನನ್ನ ಸ್ಕೂಲಿಗೆ, ನಾನು ಒಂಬತ್ತನೇ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದಾಗ. ಮಕ್ಕಳೆಲ್ಲ ಕಿಟಕಿಯಿಂದ ನೋಡಿದರು. ಅಷ್ಟು ವರ್ಷ ಮುಚ್ಚಿಟ್ಟಿದ್ದು ಹತ್ತು ನಿಮಿಷದಲ್ಲಿ ಇಡೀ ಚಾಮರಾಜಪೇಟೆಗೆ ಗೊತ್ತಾಯಿತು.

ಆವತ್ತೇ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಯ ಡಾಕ್ಟರು ಎಲ್ಲ ಬರೆದುಕೊಂಡು, ಪೆನ್ನು ಕೆಳಗಿಟ್ಟು, "ಮೊದಲೇ ಕರ್ಕೊಂಡು ಬರ್ಬೇಕಿತ್ತು" ಅಂದರು. ನನ್ನ ಗಂಡನಿಗೂ ಆಗಲೇ ವಿಷಯ ತಿಳಿದದ್ದು. ಅವರು ಕೂಗಾಡಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: "ಮೊದ್ಲೇ ಹೇಳ್ಬೋದಿತ್ತು. ನಾನೇನು ಬೇಡ ಅಂತಿದ್ನಾ?" ಅಂತಿರಲಿಲ್ಲವೇನೋ. ಈಗ ಅದನ್ನು ತಿಳಿಯುವ ದಾರಿಯಿಲ್ಲ.

ಮಾತ್ರೆಯಿಂದ ಆ ಇಬ್ಬರ ಮಾತು ಆರು ತಿಂಗಳಲ್ಲಿ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಅವಳು ದಪ್ಪಗಾದಳು. ಕೈ ನಡುಗಲು ಶುರುವಾಯಿತು. ಮಾತ್ರೆ ಬದಲಿಸಿದ ಮೇಲೆ ನಡುಕ ಇಳಿಯಿತಾದರೂ ಸೂಜಿ ಹಿಡಿಯುವಷ್ಟು ಧೈರ್ಯ ಅವಳಿಗೆ ಮರಳಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ತ್ಯಾಗರಾಜನಗರದಲ್ಲಿ ನಾವು ಬೇರೆ ಮಾಡಿಕೊಂಡಿದ್ದ ಮನೆಗೆ ಬಂದಳು. ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಬೈಂಡಿಂಗ್ ಕೆಲಸ ಮಾಡುತ್ತಾಳೆ. ಅಂಗಡಿಯವರು ಒಳ್ಳೆಯವರು.

ನಾಲ್ಕು ವರ್ಷದ ಹಿಂದೆ ನಮ್ಮ ಸ್ಕೂಲಿಗೆ ಒಂದು ಸಂಸ್ಥೆಯವರು ಬಂದರು. ಮನೋರೋಗದ ಲಕ್ಷಣ ಕಂಡ ಕೂಡಲೇ ಚಿಕಿತ್ಸೆಗೆ ಬನ್ನಿ ಎಂದು ಜನರಿಗೆ ಹೇಳುವ ಅಭಿಯಾನ. ಬಸ್ ಸ್ಟಾಪುಗಳಲ್ಲಿ ಪೋಸ್ಟರು, ಆಟೋಗಳ ಹಿಂದೆ ಸ್ಟಿಕ್ಕರು, ಪಾರ್ಕಿನಲ್ಲಿ ಬೀದಿನಾಟಕ, ಒಂದು ಭಾನುವಾರ ಬಸವನಗುಡಿಯಲ್ಲಿ ನಡಿಗೆ. ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹುಡುಗಿ ಚುರುಕು, ಮರ್ಯಾದೆಯವಳು. ಹೆಡ್ಮಿಸ್ಸು ನನ್ನನ್ನು ತೋರಿಸಿ, "ನಮ್ಮ ಕನ್ನಡದ ಮೇಡಂ. ಇವರ ಮನೇಲೂ ಒಬ್ರು ಇದಾರೆ" ಎಂದು ಪರಿಚಯಿಸಿದರು. ಆ ಹುಡುಗಿಯ ಕಣ್ಣುಗಳು ಅರಳಿದವು.

ಅವಳು ತಂದಿದ್ದ ಕರಪತ್ರದ ಕನ್ನಡ ಓದಲು ಆಗುವಂತಿರಲಿಲ್ಲ. "ಮುಂಚಿತ ಮಧ್ಯಪ್ರವೇಶವು ಉಜ್ವಲ ನಾಳೆಗೆ ಕೀಲಿಕೈ" ಎಂದು ದಪ್ಪ ಅಕ್ಷರದಲ್ಲಿತ್ತು. ಮೋಡದ ಕೆಳಗೆ ತಲೆ ಹಿಡಿದುಕೊಂಡು ಕೂತ ಹುಡುಗಿಯ ಚಿತ್ರ. ಅದರಿಂದ ಯಾವ ತಾಯಿಗೆ ಏನು ತಿಳಿಯಬೇಕು? ತಿದ್ದಿಕೊಡಿ ಎಂದು ಕೇಳಿದಳು. ನಾನು ಮನೆಗೆ ತೆಗೆದುಕೊಂಡು ಹೋಗಿ ಮೊದಲಿನಿಂದ ಬರೆದೆ.

"ಊಟದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎಂದು ಮಕ್ಕಳು ಅನ್ನುತ್ತಾರಾ? ಯಾರೂ ಇಲ್ಲದಿರುವಾಗ ಮಾತು ಕೇಳಿಸುತ್ತದೆ ಎನ್ನುತ್ತಾರಾ? ಅವರ ಜೊತೆ ವಾದ ಮಾಡಬೇಡಿ. ಬೈಯಬೇಡಿ. ಮುಚ್ಚಿಡಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಏನೂ ಇಲ್ಲ, ಟೆನ್ಶನ್ ಎಂದು ಡಾಕ್ಟರು ವಾಪಸ್ಸು ಕಳಿಸಿದರೆ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ."

ಎಲ್ಲವನ್ನೂ ಅಚ್ಚು ಹಾಕಿಸಿದರು, ಕೊನೆಯ ಸಾಲೊಂದನ್ನು ಬಿಟ್ಟು. ಕೇಳಿದೆ. ಹುಡುಗಿ ಸಂಕೋಚದಿಂದಲೇ ಹೇಳಿದಳು: "ಮೇಡಂ, ಕಮಿಟೀಲಿ ಡಾಕ್ಟರ್‌ಗಳೇ ಜಾಸ್ತಿ ಇದಾರೆ. ಡಾಕ್ಟರ್ ಮೇಲೆ ಜನಕ್ಕೆ ನಂಬಿಕೆ ಹೋಗೋ ಥರ ಇದೆ ಅಂದ್ರು. ಪಾಸಿಟಿವ್ ಆಗಿ ಇರ್ಲಿ ಅಂತ."

"ನಾನು ಎರಡೇ ವಾರದಲ್ಲಿ ಕರ್ಕೊಂಡು ಹೋಗಿದ್ದೆ ಕಣಮ್ಮ. ವಾಪಸ್ ಕಳಿಸಿದ್ರು."

"ಅಭಿಯಾನಕ್ಕೆ ಒಂದು ವಿಡಿಯೋ ಮಾಡ್ತಿದೀವಿ, ನಿಮ್ಮನೆ ಕಥೆ ಹೇಳ್ತೀರಾ ಮೇಡಂ? ವಾಪಸ್ ಕಳಿಸಿದ ಭಾಗ ಬೇಡ. ಮನೆಯವರು ಲೇಟ್ ಮಾಡಿದ್ರಿಂದ ಏನೇನಾಯ್ತು, ಈಗ ಹೇಗೆ ಚೆನ್ನಾಗಿದಾರೆ, ಅಷ್ಟು."

ವಿಡಿಯೋ ಬೇಡ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ನಡಿಗೆಗಾದರೂ ಬನ್ನಿ ಎಂದು ಎರಡು ಟೀ ಶರ್ಟು ಕೊಟ್ಟು ಹೋದಳು. ತಂಗಿಗೆ ಟೀ ಶರ್ಟಿನ ಬಣ್ಣ ಹಿಡಿಸಿತು. ಹೋಗೋಣ ಎಂದು ಹಟ ಮಾಡಿದಳು. ಹೋದೆವು.

ಇನ್ನೂರು ಮುನ್ನೂರು ಜನ ಸೇರಿದ್ದರು. ಹೆಚ್ಚಿನವರು ಕಾಲೇಜು ಹುಡುಗರು, ಹಾಜರಾತಿಗೆ ಬಂದವರು. ಪಾರ್ಕಿನ ಮುಂದೆ ಚಿಕ್ಕ ವೇದಿಕೆ ಹಾಕಿದ್ದರು. ಅತಿಥಿಯಾಗಿ ಬಂದಿದ್ದ ಒಬ್ಬ ಹಿರಿಯ ಡಾಕ್ಟರು ಚೆನ್ನಾಗಿ ಮಾತಾಡಿದರು. ಕಾಯಿಲೆ ಶುರುವಾಗಿ ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ತಿಂಗಳೂ ರೋಗಿಯಿಂದ ಏನನ್ನೋ ಕಿತ್ತುಕೊಳ್ಳುತ್ತದೆ ಎಂದರು. ನಿಜ. ಆಮೇಲೆ, "ಇದಕ್ಕೆ ಕಾರಣ ಕುಟುಂಬದವರ ಅಜ್ಞಾನ, ಮೂಢನಂಬಿಕೆ. ಅವರು ಎಚ್ಚೆತ್ತುಕೊಳ್ಳಬೇಕು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿಯೂ ತಟ್ಟಿದಳು. ತಟ್ಟುತ್ತಲೇ ನನ್ನ ಕಡೆ ಬಗ್ಗಿ, ಸಹಜವಾಗಿ, ಯಾವುದೋ ಅಂಗಡಿಯ ವಿಷಯ ಹೇಳುವಂತೆ ಹೇಳಿದಳು:

"ಅಕ್ಕ, ನಾನು ಶುರುವಲ್ಲೇ ಹೇಳಿದ್ನಲ್ವಾ ನಿಂಗೆ. ಟೆರೇಸ್ ಮೇಲೆ."

"ಹೂಂ" ಎಂದೆ.

"ನಿಂಗೆ ಜ್ಞಾಪಕ ಇಲ್ವೇನೋ ಅಂದ್ಕೊಂಡಿದ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಡಾಕ್ಟರ ಮೇಲೆ, ಕಮಿಟಿಯ ಮೇಲೆ, ವಿಟಮಿನ್ ಬರೆದುಕೊಟ್ಟವರ ಮೇಲೆ ನಾನು ಸಾಕಿಕೊಂಡಿದ್ದ ಸಿಟ್ಟೆಲ್ಲ ಆ ಕ್ಷಣ ಕಾಲ ಕೆಳಗೆ ಬಿದ್ದುಹೋಯಿತು. ನಾನು ಅಜ್ಞಾನಿಯಾಗಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕಾದವರಿಗೆ ಯಾವ ಕರಪತ್ರದಲ್ಲೂ ಬರೆಯಲು ಏನಿದೆ?

ಅಭಿಯಾನ ಮುಗಿದು ಎರಡು ತಿಂಗಳಾಗಿರಬಹುದು. ಗಾಂಧಿಬಜಾರಿನಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸು ಸ್ಕೂಲಿನ ಗೇಟಿನಲ್ಲಿ ನನಗಾಗಿ ಕಾಯುತ್ತಿದ್ದರು. ಅವರ ಮಗಳು ಅದಕ್ಕೆ ಎರಡು ವರ್ಷ ಮೊದಲು ನನ್ನ ಕ್ಲಾಸಿನಲ್ಲಿದ್ದವಳು, ಆ ಹೊತ್ತಿಗೆ ಸೆಕೆಂಡ್ ಪಿಯು ಓದುತ್ತಿದ್ದಳು. ನಾನು ಅವರ ಹತ್ತಿರವೇ ತರಕಾರಿ ಕೊಳ್ಳುತ್ತಿದ್ದುದರಿಂದ ಸಲುಗೆಯಿತ್ತು. ಮಡಚಿ ಮಡಚಿ ಮೆತ್ತಗಾದ ಕರಪತ್ರವನ್ನು ರವಿಕೆಯೊಳಗಿಂದ ತೆಗೆದರು.

"ಮಿಸ್, ಇದು ನೀವು ಬರ್ದಿದ್ದಂತೆ. ಇದ್ರಲ್ಲಿರೋದೆಲ್ಲ ನನ್ ಮಗಳು ಮಾಡ್ತಾವ್ಳೆ."

"ಎಷ್ಟು ದಿನದಿಂದ?"

"ಗೌರಿ ಹಬ್ಬದಿಂದ. ಕಾಲೇಜ್‌ಗೆ ಹೋಗ್ತಿಲ್ಲ. ಗೋಡೆ ಕಡೆ ತಿರುಕ್ಕೊಂಡು ನಗ್ತಾಳೆ. ಇದ್ರಲ್ಲಿರೋ ನಂಬರ್‌ಗೆ ಮೂರು ದಿನದಿಂದ ಫೋನ್ ಮಾಡ್ತಿದೀನಿ, ಯಾರೂ ಎತ್ತಲ್ಲ."

ನನ್ನ ಫೋನಿನಿಂದಲೂ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಉಸ್ತುವಾರಿಯ ಹುಡುಗಿಗೆ ಮಾಡಿದಾಗ ಅವಳು ಎತ್ತಿದಳು. "ಅಯ್ಯೋ ಮೇಡಂ, ಆ ಪ್ರಾಜೆಕ್ಟ್ ಕ್ಲೋಸ್ ಆಯ್ತು. ನಾನೀಗ ಬೇರೆ ಕಡೆ ಇದೀನಿ. ಪೋಸ್ಟರ್‌ಗಳನ್ನ ತೆಗೆಸ್ಬೇಕಿತ್ತು, ಯಾರೂ ತೆಗೆಸಿಲ್ಲ ಅನ್ಸುತ್ತೆ" ಎಂದಳು. ಅವಳ ದನಿಯಲ್ಲಿ ನಿಜವಾದ ಬೇಸರವಿತ್ತು. ಅದರಿಂದ ಏನಾಗಬೇಕು.

ಮಾರನೇ ದಿನ ರಜೆ ಹಾಕಿ, ತಾಯಿ ಮಗಳ ಜೊತೆ ಒಂದು ಸರ್ಕಾರಿ ಆಸ್ಪತ್ರೆಗೆ ಹೋದೆ. ಬೆಳಿಗ್ಗೆ ಏಳಕ್ಕೆ ನಿಂತ ಸಾಲು ಹನ್ನೊಂದೂವರೆಗೆ ನಮ್ಮನ್ನು ಒಳಗೆ ಬಿಟ್ಟಿತು. ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ನೋಡಿ ನೋಡಿ ಸುಸ್ತಾಗಿದ್ದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಏನು ಕೇಳಿದರೂ "ಏನಿಲ್ಲ" ಎನ್ನುತ್ತಿದ್ದಳು. ಅವರು ಚೀಟಿಯ ಮೇಲೆ ಬರೆಯುತ್ತಾ, "ಪರೀಕ್ಷೆ ಟೆನ್ಶನ್ ಇರ್ಬೋದು. ಇದು ಹದಿನೈದು ದಿನ ಕೊಡಿ, ನೋಡೋಣ" ಎಂದರು.

ನಾನು ಏಳಲಿಲ್ಲ. "ಸಾರ್, ಇದೇ ಮಾತನ್ನ ನಾನು ನನ್ನ ತಂಗಿ ವಿಷಯದಲ್ಲಿ ಕೇಳಿದೀನಿ. ಕೇಳಿ ಖುಷಿಯಾಗಿ ಮನೆಗೆ ಹೋಗಿದೀನಿ. ಈ ಸಲ ಹೋಗಲ್ಲ" ಎಂದೆ.

"ಹೊರಗೆ ಎಷ್ಟು ಜನ ಇದಾರೆ ನೋಡಿದೀರಾ ಮೇಡಂ?"

"ನೋಡಿದೀನಿ. ಅವರ ಜೊತೇಲೇ ನಿಂತಿದ್ದೆ. ನಮ್ಮಿಬ್ಬರನ್ನ ಹೊರಗೆ ಕಳಿಸಿ, ಹುಡುಗೀನ ಒಬ್ಬಳನ್ನೇ ಕೇಳಿ. ಒಂದೈದು ನಿಮಿಷ."

ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಆದರೆ ಕೇಳಿದರು. ಐದು ನಿಮಿಷ ಎಂದದ್ದು ಅರ್ಧ ಗಂಟೆಯಾಯಿತು. ಬಾಗಿಲು ತೆಗೆದಾಗ ಅವರ ಮುಖ ಬೇರೆಯಾಗಿತ್ತು. ತಾಯಿಯನ್ನು ಕೂರಿಸಿ, ಯಾವ ಕಾಯಿಲೆ, ಯಾವ ಮಾತ್ರೆ, ಏನೇನಾಗಬಹುದು, ಎಲ್ಲ ನಿಧಾನವಾಗಿ ಹೇಳಿದರು. ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಎಂದರು. ಆ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲಿ ನಾನು ಮೊದಲ ಸಲ ಕೇಳಿದೆ. ಆ ತಾಯಿ ಅತ್ತರು. ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ.

ಹುಡುಗಿ ಸುಧಾರಿಸಿದಳು. ಮೊದಲ ಕೆಲವು ತಿಂಗಳು ನಾನೇ ಜೊತೆಗೆ ಹೋಗುತ್ತಿದ್ದೆ. ಒಂದು ವರ್ಷ ತಡವಾಗಿ ಪರೀಕ್ಷೆ ಕಟ್ಟಿ ಪಾಸು ಮಾಡಿದಳು. ಅಷ್ಟರ ನಂತರ ಒಂದು ಸಂಜೆ ನಾನು ಎಂದಿನಂತೆ ತರಕಾರಿಗೆ ಹೋದಾಗ ಅವಳ ತಾಯಿ ಹುರುಳಿಕಾಯಿ ತೂಗಿ ಚೀಲಕ್ಕೆ ಹಾಕುತ್ತಾ, ತಲೆ ಎತ್ತದೆ ಹೇಳಿದರು:

"ಮಿಸ್, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ನಮ್ ಅಂಗ್ಡಿ ಹತ್ರ ಬರ್ಬೇಡಿ. ಬಂದ್ರೂ ಮಗಳು ಹೆಂಗಿದಾಳೆ ಅಂತ ಕೇಳ್ಬೇಡಿ. ನಿಮ್ ತಂಗಿ ವಿಷ್ಯ ಈ ಕಡೆ ಎಲ್ರಿಗೂ ಗೊತ್ತು. ನೀವು ನಮ್ ಜೊತೆ ಮಾತಾಡೋದು ನೋಡಿದ್ರೆ ಇವ್ರ ಮನೇಲೂ ಅದೇನಾ ಅಂತಾರೆ. ಮುಂದಕ್ಕೆ ಅವಳಿಗೆ ಒಂದು ಮದ್ವೆ ಗಿದ್ವೆ ಆಗ್ಬೇಕಲ್ಲ."

"ಮಾತ್ರೆ ಬಿಡಿಸ್ಬೇಡಿ" ಎಂದೆ.

"ಇಲ್ಲ ಮಿಸ್. ಅದು ಬಿಡಲ್ಲ" ಎಂದರು. ಹುರುಳಿಕಾಯಿಗೆ ದುಡ್ಡು ಬೇಡ ಅಂದರು. ನಾನು ಹಲಗೆಯ ಮೇಲೆ ಇಟ್ಟು ಬಂದೆ.

ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಹೇಳಿದ್ದರಲ್ಲಿ ನನಗೆ ತಿಳಿಯದ್ದು ಒಂದೂ ಇರಲಿಲ್ಲ. ನಾನು ತಂಗಿಯನ್ನು ಬಲಿ ಕೊಟ್ಟು ಮುಚ್ಚಿಟ್ಟದ್ದನ್ನು ಅವರು ಮಗಳಿಗೆ ಚಿಕಿತ್ಸೆ ಕೊಡಿಸಿ ಮುಚ್ಚಿಡುತ್ತಿದ್ದರು, ನನಗಿಂತ ಎಷ್ಟೋ ವಾಸಿ. ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ನಾರು ತೆಗೆಯಲು ಹುರುಳಿಕಾಯಿಯನ್ನು ಮುಂದಕ್ಕೆ ಎಳೆದುಕೊಂಡು, "ಹುಡುಗಿಗೆ ಈಗ ಕೇಳ್ಸಲ್ವಂತಾ?" ಎಂದು ಕೇಳಿದಳು.

"ಇಲ್ವಂತೆ. ಪೂರ್ತಿ ನಿಂತಿದೆಯಂತೆ."

"ಪೂರ್ತಿ?" ಅಂದಳು. ಕೈ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮತ್ತೆ ನಾರು ತೆಗೆಯತೊಡಗಿದಳು.

ಈಗ ನಾನು ತರಕಾರಿಯನ್ನು ತ್ಯಾಗರಾಜನಗರದಲ್ಲೇ ಕೊಳ್ಳುತ್ತೇನೆ. ಆ ಹುಡುಗಿಯನ್ನು ಹೋದ ತಿಂಗಳು ಬಸ್ಸಿನಲ್ಲಿ ನೋಡಿದೆ, ಗೆಳತಿಯರ ಜೊತೆ ನಿಂತು ಏನೋ ಹೇಳಿಕೊಂಡು ನಗುತ್ತಿದ್ದಳು. ಅವಳೂ ನನ್ನನ್ನು ನೋಡಿದಳು. ನಾನೇ ಮೊದಲು ಕಿಟಕಿಯ ಕಡೆ ಮುಖ ತಿರುಗಿಸಿದೆ.